ಅತಿಮಾನುಷ ಧಾರಾವಾಹಿಯಲ್ಲಿ ಅಣ್ಣ-ತಮ್ಮನ ಜಗಳ ಕಟ್ಟುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಧಾರಾವಾಹಿಗೆ ಬರೆಯುವ ಹೊಸಬರ ಕೈಯಲ್ಲಿ ಮತ್ತೆ ಮತ್ತೆ ಕುಸಿಯುವ ಟ್ರ್ಯಾಕ್ (ಕಥೆಯ ಎಳೆ) ಇದು. ದೆವ್ವ ಚೆನ್ನಾಗಿರುತ್ತದೆ, ಮನೆ ಚೆನ್ನಾಗಿರುತ್ತದೆ, ಪ್ರೋಮೋ ಕೂಡ ಓಡುತ್ತದೆ. ಅಣ್ಣ-ತಮ್ಮ ಮುಖ ತಿರುಗಿಸಿಕೊಂಡ ಮೇಲೆ ಮಾತ್ರ ಕಥೆ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ದಿನಾ ಅದೇ ಆರೋಪ, ಅದೇ ಕಣ್ಣೀರು, ಕೊನೆಗೊಂದು ಆಸ್ಪತ್ರೆ ದೃಶ್ಯ, ತಬ್ಬಿಕೊಂಡು ಮುಗಿಸುವುದು.

ತಪ್ಪು ಇರುವುದು ಬರವಣಿಗೆಯ ಕ್ರಮದಲ್ಲಿ. ಜಗಳವನ್ನು ಮೊದಲು ಬರೆದು, ಅವರಿಬ್ಬರ ನಿಷ್ಠೆಯನ್ನು ಆಮೇಲೆ ಅಂಟಿಸಿರುತ್ತಾರೆ. ಆಗಬೇಕಾದದ್ದು ಇದರ ತಿರುವುಮುರುವು: ಅಣ್ಣನ ನಿಷ್ಠೆಯೇ ತಮ್ಮನಿಗೆ ದ್ರೋಹವಾಗಿ ಕಾಣಬೇಕು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ. ಎರಡನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದರೆ ಹಳೆಯ ಗಿರಕಿಗೇ ವಾಪಸ್ ಬರುತ್ತೀರಿ.

ಮೊದಲು ಕೈಗೆ ಬೇಕಾದವು

ಒಂದು ಪಂಚಾಂಗ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ವಾರಕ್ಕೆ ಐದು ದಿನದ ಧಾರಾವಾಹಿಯಾದರೆ ಆ ನಡುವೆ 21 ಸಂಚಿಕೆ, ಆರು ದಿನದ್ದಾದರೆ 25. ಇದೇ ನಿಮ್ಮ ಅಳತೆಗೋಲು.

ಮನೆಯ ನಕ್ಷೆ. ಹೊಸಿಲು, ದೇವರಕೋಣೆ, ಹಿತ್ತಿಲು, ಅಣ್ಣನ ಕೋಣೆಯಿಂದ ತಮ್ಮನ ಕೋಣೆಗೆ ಎಷ್ಟು ಹೆಜ್ಜೆ, ಯಾವ ಬಾಗಿಲು ಕಿರುಗುಟ್ಟುತ್ತದೆ, ಎಲ್ಲವೂ ಅದರಲ್ಲಿರಲಿ. ದೆವ್ವ ಎಲ್ಲಿಂದ ಬರುತ್ತದೆ ಎನ್ನುವುದು ಗೊತ್ತಿಲ್ಲದೆ ಬರೆದ ದೃಶ್ಯ ಸೆಟ್ಟಿನಲ್ಲಿ ಅರ್ಧ ದಿನ ತಿನ್ನುತ್ತದೆ.

ಮತ್ತೆ ಎರಡು ಕಾಲಮ್ಮಿನ ಒಂದು ಹಾಳೆ. ಎಡಕ್ಕೆ ‘ಅಣ್ಣನಿಗೆ ಗೊತ್ತಿರುವುದು’, ಬಲಕ್ಕೆ ‘ತಮ್ಮನಿಗೆ ಗೊತ್ತಿರುವುದು’. ಪ್ರತಿ ಸಂಚಿಕೆಯ ಒನ್‌ಲೈನ್ (ಚುಟುಕು ಕಥಾಸಾರ) ಬರೆದ ಕೂಡಲೇ ಇದನ್ನು ತುಂಬಿ. ವಾರಕ್ಕೊಮ್ಮೆ ಒಟ್ಟಿಗೆ ತುಂಬುತ್ತೇನೆ ಎಂದು ಕೂತರೆ, ತನಗೆ ಗೊತ್ತೇ ಇರದ ವಿಷಯವನ್ನು ತಮ್ಮ ಮಾತಿನಲ್ಲಿ ಆಡಿಬಿಟ್ಟಿರುತ್ತಾನೆ.

ಹಂತ 1: ಜಗಳಕ್ಕಿಂತ ಮೊದಲು ಋಣ

ಒಬ್ಬ ಇನ್ನೊಬ್ಬನಿಗಾಗಿ ಚಿಕ್ಕಂದಿನಲ್ಲೇ ಏನೋ ಮಾಡಿರಬೇಕು. ದೊಡ್ಡ ತ್ಯಾಗವೇ ಆಗಬೇಕಿಲ್ಲ, ಆದರೆ ಅದರೊಳಗೆ ಒಂದು ತಪ್ಪೂ ಸೇರಿರಬೇಕು. ಬರೀ ತ್ಯಾಗವಾದರೆ ಅಣ್ಣ ದೇವರಾಗುತ್ತಾನೆ. ದೇವರ ಜೊತೆ ಯಾರೂ ಜಗಳವಾಡುವುದಿಲ್ಲ.

ಹೇಗೆಂದು ನೋಡಲು ಒಂದು ಕಥೆಯನ್ನು ಇಲ್ಲೇ ಕಟ್ಟೋಣ. ಚಾಮರಾಜಪೇಟೆಯ ಹಳೆಯ ಮನೆ, ಹಿತ್ತಿಲಲ್ಲಿ ಚಪ್ಪಡಿ ಮುಚ್ಚಿದ ಬಾವಿ. ಅಣ್ಣ ರಾಘು, ವಯಸ್ಸು 38. ತಮ್ಮ ಗಿರೀಶ, 31. ನಡುವಿನವಳು ಸುಮಾ. 90ರ ದಶಕದಲ್ಲಿ ಬೆಂಗಳೂರಿನ ಬಾಗಿಲು ಬಾಗಿಲಿಗೂ ‘ನಾಳೆ ಬಾ’ ಎಂದು ಬರೆದಿದ್ದ ದಿನಗಳು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ ಎಂಬ ನಂಬಿಕೆ. ಹತ್ತು ವರ್ಷದ ರಾಘು ಕ್ರಿಕೆಟ್ ಆಡಲು ಬಾಗಿಲ ಮೇಲಿನ ‘ನಾಳೆ ಬಾ’ ಒರೆಸಿ, ಅದೇ ಜಾಗದಲ್ಲಿ ಸೀಮೆಸುಣ್ಣದಿಂದ ಮೂರು ವಿಕೆಟ್ ಗೀಚುತ್ತಾನೆ. ಆ ರಾತ್ರಿ ಅಮ್ಮನ ದನಿ ಹಿತ್ತಿಲಿಂದ ಮೂರು ವರ್ಷದ ಗಿರೀಶನ ಹೆಸರು ಹಿಡಿದು ಕರೆಯುತ್ತದೆ. ಅಮ್ಮ ಮಾತ್ರ ಪಕ್ಕದಲ್ಲೇ ಮಲಗಿದ್ದಾಳೆ. ಮಗು ಎದ್ದು ಕೂರುವಷ್ಟರಲ್ಲಿ ರಾಘು ಅದರ ಬಾಯಿ ಮುಚ್ಚಿ, ತಾನೇ ‘ಬಂದೆ’ ಎನ್ನುತ್ತಾನೆ.

ವಿಕೆಟ್ ಗೀಚಿದ್ದು ತಪ್ಪು, ‘ಬಂದೆ’ ಎಂದಿದ್ದು ಋಣ. ಎರಡೂ ಒಂದೇ ಹುಡುಗ ಒಂದೇ ದಿನ ಮಾಡಿದ್ದು. ಇಷ್ಟು ಸಿಕ್ಕರೆ ಇನ್ನೂರು ಸಂಚಿಕೆಗೆ ಬಂಡವಾಳ ಸಿಕ್ಕಿದ ಹಾಗೆ.

2005ರಿಂದ 2020ರವರೆಗೆ 15 ಸೀಸನ್, 327 ಕಂತು ಓಡಿದ ಅಮೆರಿಕದ ‘ಸೂಪರ್‌ನ್ಯಾಚುರಲ್’ ಸರಣಿ ಮೊದಲ ಕಂತಿನ ಆರಂಭದಲ್ಲೇ ಮಾಡುವ ಕೆಲಸವೂ ಇದೇ. ಮನೆಗೆ ಬೆಂಕಿ ಬಿದ್ದಿದೆ, ಅಪ್ಪ ಆರು ತಿಂಗಳ ಸ್ಯಾಮ್‌ನನ್ನು ನಾಲ್ಕು ವರ್ಷದ ಡೀನ್‌ನ ತೋಳಿಗೆ ಕೊಟ್ಟು ಹೊರಗೆ ಓಡು ಎನ್ನುತ್ತಾನೆ. ಮುಂದಿನ ಹದಿನೈದು ವರ್ಷ ಡೀನ್ ಮಾಡುವ ಸರಿ-ತಪ್ಪುಗಳಿಗೆಲ್ಲ ಬೇರು ಆ ಒಂದು ಹೊತ್ತುಕೊಂಡ ಭಾರ.

ಋಣದ ದೃಶ್ಯವನ್ನು ಪೂರ್ತಿಯಾಗಿ ಮೊದಲ ಸಂಚಿಕೆಯಲ್ಲೇ ತೋರಿಸಬೇಡಿ. ವಿಕೆಟ್ ಗೀಚಿದ ಬಾಗಿಲನ್ನು ಮಾತ್ರ ತೋರಿಸಿ.

ಹಂತ 2: ದೆವ್ವಕ್ಕೆ ಮೂರು ನಿಯಮ, ನಾಲ್ಕನೆಯದು ಬೇಡ

ಹೆಚ್ಚಿನವರು ಕೆಡುವುದು ಇಲ್ಲೇ, ಆದ್ದರಿಂದ ಸಾವಕಾಶವಾಗಿ ನೋಡೋಣ. ದೆವ್ವ ಕೇಳುವ ಬೆಲೆ ಅಣ್ಣ-ತಮ್ಮನ ಸಂಬಂಧದಲ್ಲೇ ತೆರಬೇಕಾದ ಬೆಲೆಯಾಗಿರಬೇಕು. ರಕ್ತ, ನಿಂಬೆಹಣ್ಣು, ಕೋಳಿ ಕೇಳಿದರೆ ಅದು ದೆವ್ವದ ಕಥೆಯಾಗುತ್ತದೆ ನಿಜ, ಸಹೋದರರ ಕಥೆಯಾಗುವುದಿಲ್ಲ.

ನಮ್ಮ ಬಾವಿಯ ನಿಯಮಗಳು ಹೀಗಿರಲಿ. ಒಂದು, ಓಗೊಟ್ಟವನು ಬಾವಿಗೆ ಬದ್ಧ. ಎರಡು, ಚಪ್ಪಡಿ ಸರಿದರೆ ಪ್ರತಿ ಅಮಾವಾಸ್ಯೆಗೆ ಬಾವಿ ಅವನಿಂದ ಒಂದು ನೆನಪನ್ನು ತೆಗೆದುಕೊಳ್ಳುತ್ತದೆ, ಯಾರಿಗಾಗಿ ಓಗೊಟ್ಟನೋ ಅವನ ನೆನಪನ್ನೇ. ಮೂರು, ಕರೆ ಬಂದದ್ದು ತನಗೆ ಎಂದು ಗಿರೀಶನಿಗೆ ತಿಳಿದ ಕ್ಷಣ ಋಣ ಅವನ ತಲೆಗೆ ಮರಳುತ್ತದೆ.

ಎರಡನೇ ನಿಯಮ ಏನು ಮಾಡಿತು ನೋಡಿ. ಮೊದಲ ಸಂಚಿಕೆಯಲ್ಲಿ ಬಿಲ್ಡರ್ ಕಡೆಯವರು ಅಳತೆಗೆ ಬಂದು ಚಪ್ಪಡಿ ಎತ್ತುತ್ತಾರೆ. ಅಲ್ಲಿಂದ ರಾಘು ತಿಂಗಳಿಗೊಂದರಂತೆ ತಮ್ಮನನ್ನು ಮರೆಯುತ್ತಾ ಹೋಗುತ್ತಾನೆ. ಮೊದಲು ಹುಟ್ಟುಹಬ್ಬ, ಆಮೇಲೆ ಅಡ್ಡಹೆಸರು, ಆಮೇಲೆ ಅವನಿಗೆ ಬದನೆಕಾಯಿ ಆಗದು ಎನ್ನುವುದು. ತಮ್ಮನ ಕಣ್ಣಿಗೆ ಇದು ತಾತ್ಸಾರ. ತಮ್ಮನನ್ನು ಉಳಿಸಲು ತೆತ್ತ ಬೆಲೆಯೇ ತಮ್ಮನಿಗೆ ಅವಮಾನವಾಯಿತು. ಜಗಳವನ್ನು ನೀವು ಬೇರೆ ಹುಟ್ಟಿಸಬೇಕಿಲ್ಲ.

ವರ್ಷಕ್ಕೆ 12 ಅಥವಾ 13 ಅಮಾವಾಸ್ಯೆ. ಆದ್ದರಿಂದ 13 ನೆನಪುಗಳ ಪಟ್ಟಿ ಮಾಡಿ, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ. ಕೊನೆಯದು ‘ಇವನು ನನ್ನ ತಮ್ಮ’ ಎನ್ನುವುದೇ. ಪ್ರತಿ ನೆನಪೂ ಕಳೆದುಹೋಗುವ ಮೊದಲು ಕನಿಷ್ಠ ಒಂದು ಸಲ ತೆರೆಯ ಮೇಲೆ ಬಂದಿರಬೇಕು. ಪ್ರೇಕ್ಷಕರು ನೋಡಿಯೇ ಇರದ ನೆನಪು ಕಳೆದುಹೋದರೆ ಅವರ ಪಾಲಿಗೆ ಏನೂ ಕಳೆದಿಲ್ಲ.

ಅಪಾಯದ ಸೂಚನೆ: ಎಂಟನೇ ವಾರದಲ್ಲಿ ಯಾರಾದರೂ ‘ಇದಕ್ಕೆ ಇನ್ನೊಂದು ದಾರಿ ಇದೆ’ ಎಂದು ಹೊಸ ಮಂತ್ರ ತಂದರೆ ನೀವು ನಾಲ್ಕನೇ ನಿಯಮ ಸೇರಿಸುತ್ತಿದ್ದೀರಿ ಎಂದರ್ಥ. ಹೊಸ ನಿಯಮ ಬೇಕೇಬೇಕು ಅನ್ನಿಸಿದರೆ ಹಳೆಯ ಮೂರರಲ್ಲಿ ಒಂದರ ಬಾಯಿಂದಲೇ ಅದು ಹೊರಡಲಿ.

ಹಂತ 3: ನೆಲದ ಮೇಲಿನ ಜಗಳ

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎನ್ನುವ ನಾಡಿನಲ್ಲಿ ಕೂತು ಬರೆಯುತ್ತಿದ್ದೀರಿ. ಬೆಂಗಳೂರಿನಲ್ಲಿ ಸಹೋದರರನ್ನು ಒಡೆಯುವುದು ಸೈಟು. ಬಾವಿಯ ಮೇಲೆ ಒಂದು ಲೌಕಿಕ ಜಗಳ ಇಡಿ, ಅದು ದೆವ್ವವಿಲ್ಲದೆಯೂ ನಿಲ್ಲುವಂತಿರಲಿ.

ಗಿರೀಶನಿಗೆ ಸಾಲವಿದೆ, ಮನೆಯನ್ನು ಬಿಲ್ಡರ್‌ಗೆ ಕೊಡಬೇಕು. ರಾಘು ಸಹಿ ಹಾಕುವುದಿಲ್ಲ, ಏಕೆಂದರೆ ಪಾಯ ತೋಡಿದರೆ ಬಾವಿ ಪೂರ್ತಿ ತೆರೆಯುತ್ತದೆ. ಏಕೆಂದು ಹೇಳುವಂತಿಲ್ಲ, ಮೂರನೇ ನಿಯಮ ಅಡ್ಡ. ಎರಡು ಜಗಳಗಳೂ ಒಂದೇ ಸಹಿಯಲ್ಲಿ ಗಂಟು ಬಿದ್ದವು.

ಇಲ್ಲಿ ಕಾನೂನು ತಪ್ಪಬೇಡಿ. ಆಸ್ತಿ ವ್ಯಾಜ್ಯದ ವಿಷಯದಲ್ಲಿ ನಮ್ಮ ಪ್ರೇಕ್ಷಕರು ಬರೆಯುವವರಿಗಿಂತ ಹೆಚ್ಚು ತಿಳಿದಿರುತ್ತಾರೆ. ಮನೆ ಅಪ್ಪನ ಸ್ವಯಾರ್ಜಿತವಾಗಿದ್ದು, ಅವರು ವಿಲ್ ಬರೆಯದೆ ತೀರಿಕೊಂಡಿದ್ದರೆ ಅಮ್ಮ, ಮಗಳು, ಇಬ್ಬರು ಗಂಡುಮಕ್ಕಳು, ನಾಲ್ವರಿಗೂ ಸಮಪಾಲು. ಪಿತ್ರಾರ್ಜಿತವಾದರೂ 2005ರ ತಿದ್ದುಪಡಿಯ ನಂತರ ಮಗಳಿಗೆ ಮಗನಷ್ಟೇ ಹಕ್ಕಿದೆ. ಅಣ್ಣ-ತಮ್ಮ ಇಬ್ಬರೇ ಕೂತು ಮನೆ ಹಂಚಿಕೊಳ್ಳುವ ದೃಶ್ಯ ಬರೆದರೆ ಸುಮಾ ಎಲ್ಲಿ ಎಂದು ಜನ ಕೇಳುತ್ತಾರೆ, ಕೇಳಬೇಕಾದದ್ದೇ. ಅವಳ ಸಹಿಯೂ ಬೇಕು ಎನ್ನುವುದನ್ನು ಅಡಚಣೆ ಎಂದುಕೊಳ್ಳಬೇಡಿ, ಇಬ್ಬರ ನಡುವೆ ನಿಲ್ಲುವ ಮೂರನೆಯವಳು ನಿಮಗೆ ಪುಕ್ಕಟೆಯಾಗಿ ಸಿಕ್ಕಳು. ಗಿರೀಶ ವಿಭಾಗ ದಾವೆ ಹೂಡಬಹುದು. ನೋಟಿಸ್ ಮನೆಗೆ ಬರುವುದೇ ಒಂದು ಒಳ್ಳೆಯ ಹುಕ್, ಅಂದರೆ ಮುಂದಿನ ಸಂಚಿಕೆಗೆ ಎಳೆಯುವ ಕೊಂಡಿ. ತೀರ್ಪನ್ನು ಮಾತ್ರ ಮುಂದಿನ ವಾರವೇ ತರಿಸಬೇಡಿ.

ಹಂತ 4: ಗುಟ್ಟು, ಮತ್ತು ಅದನ್ನು ಮುಚ್ಚಿಡಲು ಸಕಾರಣ

‘ಇವನು ಬಾಯಿಬಿಟ್ಟು ಹೇಳಿಬಿಟ್ಟರೆ ಮುಗೀತಲ್ಲ?’ ಪ್ರೇಕ್ಷಕರು ಈ ಪ್ರಶ್ನೆ ಕೇಳಿದ ದಿನ ಟ್ರ್ಯಾಕ್ ಸತ್ತಿತು. ಹೇಳಲು ಹೋದಾಗ ಫೋನ್ ಬರುವುದು, ಅತ್ತೆ ಕರೆಯುವುದು, ಪ್ರಜ್ಞೆ ತಪ್ಪುವುದು ಇವೆಲ್ಲ ಒಂದು ಸಲ ನಡೆಯುತ್ತವೆ, ಎರಡನೇ ಸಲ ರಿಮೋಟ್ ಕೈಗೆ ಹೋಗುತ್ತದೆ.

ಹೇಳದಿರಲು ಕಾರಣ ಪ್ರೀತಿಯಿಂದಲೇ ಹುಟ್ಟಿರಬೇಕು. ಕರ್ಣ ಕೃಷ್ಣನಿಗೆ ಹೇಳಿದ್ದೇನು? ನಾನು ಅಣ್ಣನೆಂದು ಧರ್ಮರಾಯನಿಗೆ ತಿಳಿಸಬೇಡ, ತಿಳಿದರೆ ಅವನು ರಾಜ್ಯವನ್ನೇ ನನಗೆ ಒಪ್ಪಿಸಿಬಿಡುತ್ತಾನೆ, ನಾನದನ್ನು ದುರ್ಯೋಧನನಿಗೆ ಕೊಡಬೇಕಾಗುತ್ತದೆ. ತಮ್ಮನ ಸ್ವಭಾವ ಚೆನ್ನಾಗಿ ಗೊತ್ತಿರುವುದರಿಂದಲೇ ಅಣ್ಣ ಮೌನವಾಗಿದ್ದಾನೆ. ಗುಟ್ಟಿಗೆ ಇದಕ್ಕಿಂತ ಗಟ್ಟಿ ಬೀಗ ಇಲ್ಲ.

ಎಷ್ಟು ದಿನ ಮುಚ್ಚಿಡಬೇಕು? ‘ಸೂಪರ್‌ನ್ಯಾಚುರಲ್’ನಲ್ಲಿ ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ಸಾಯುವ ಅಪ್ಪ ಡೀನ್‌ನ ಕಿವಿಯಲ್ಲಿ ಏನೋ ಪಿಸುಗುಡುತ್ತಾನೆ. ತಮ್ಮನನ್ನು ಉಳಿಸು, ಆಗದಿದ್ದರೆ ಕೊಲ್ಲಬೇಕಾದೀತು ಎಂಬುದು ಅದರ ಸಾರ. ಅದು ಸ್ಯಾಮ್‌ಗೆ ತಿಳಿಯುವುದು ಹತ್ತನೇ ಕಂತಿನಲ್ಲಿ. ಅದು ವಾರಕ್ಕೊಂದು ಕಂತಿನ ಸರಣಿ. ದಿನವಹಿಗೆ ಆ ಲೆಕ್ಕ ಹಿಡಿಯಬೇಡಿ. ಎರಡು ಅಮಾವಾಸ್ಯೆ, ಅಂದರೆ 40ರಿಂದ 45 ಸಂಚಿಕೆಯೊಳಗೆ ಗುಟ್ಟಿನ ಅರ್ಧ ಹೊರಬೀಳಲಿ. ರಾಘು ಏನನ್ನೋ ಮರೆಯುತ್ತಿದ್ದಾನೆ ಎಂಬುದು ತಿಳಿಯಲಿ, ಏಕೆ ಎಂಬುದು ಒಳಗೇ ಇರಲಿ. ಪೂರ್ತಿ ಗುಟ್ಟು ಒಂದೇ ಸಂಚಿಕೆಯಲ್ಲಿ ಒಡೆದರೆ ಮಹಾಸಂಚಿಕೆ ಗೆಲ್ಲುತ್ತದೆ, ಮರುದಿನ ಬರೆಯಲು ಏನೂ ಉಳಿದಿರುವುದಿಲ್ಲ.

ಹಂತ 5: ಮುರಿಯುವ ದೃಶ್ಯ

ಇದಕ್ಕೆ ಕೂಗಾಟ ಬೇಡ. ಒಂದು ವಸ್ತು, ಒಂದು ಪ್ರಶ್ನೆ, ಒಂದು ತಪ್ಪು ಉತ್ತರ ಸಾಕು. ಭೀಮನ ಅಮಾವಾಸ್ಯೆ ನಮ್ಮ ಕಥೆಗೆ ಹೇಳಿ ಮಾಡಿಸಿದ ದಿನ. ಸತ್ತ ರಾಜಕುಮಾರನನ್ನು ಮದುವೆಯಾದ ಹುಡುಗಿಗೆ ಗಂಡ ಮರಳಿ ಬದುಕಿ ಬಂದ ವ್ರತಕಥೆ ಅದರದ್ದು. ಹೊಸಿಲ ಮೇಲೆ ನಾಣ್ಯ ಬಚ್ಚಿಟ್ಟ ಹಿಟ್ಟಿನ ಭಂಡಾರವನ್ನು ಅಣ್ಣತಮ್ಮಂದಿರು ಮೊಣಕೈಯಿಂದ ಒಡೆಯುವ ಪದ್ಧತಿಯೂ ಆ ದಿನದ್ದೇ.

ಸುಮಾ ಹೊಸಿಲಲ್ಲಿ ಎರಡು ಭಂಡಾರ ಇಟ್ಟಿದ್ದಾಳೆ. ನೋಟಿಸ್ ಬಂದು ಎರಡು ದಿನವಾಗಿದೆ, ಅವಳ ಮಾತಿಗಾಗಿ ಇಬ್ಬರೂ ಕೂತಿದ್ದಾರೆ. ಗಿರೀಶನೇ ಸೋತು ಮಾತು ತೆಗೆಯುತ್ತಾನೆ.

‘ಮೊದಲ್ನೇ ಸಲ ನೀನೇ ನನ್ನ ಕೈ ಹಿಡ್ಕೊಂಡು ಒಡೆಸಿದ್ದು. ನೆನಪಿದ್ಯಾ?’

‘ಹೂಂ.’

‘ಯಾವ ಕೈ?’

ರಾಘು ಹಿಟ್ಟಿನ ಉಂಡೆಯನ್ನೇ ನೋಡುತ್ತಾನೆ. ‘ಬಲಗೈ ಕಣೋ. ಇನ್ಯಾವ್ದು.’

‘ಬಲಗೈಗೆ ಪಟ್ಟಿ ಹಾಕಿತ್ತು ಅಣ್ಣ. ಮಾವಿನ ಮರದಿಂದ ಬಿದ್ದಿದ್ದೆ. ನೀನೇ ಅಲ್ವಾ ಹೊತ್ಕೊಂಡು ಓಡಿದ್ದು ಆಸ್ಪತ್ರೆಗೆ?’

ಉತ್ತರವಿಲ್ಲ. ಗಿರೀಶ ಎಡಮೊಣಕೈಯಿಂದ ತನ್ನ ಭಂಡಾರ ಒಡೆದು, ನಾಣ್ಯ ಮುಟ್ಟದೆ ಎದ್ದು ಹೋಗುತ್ತಾನೆ. ಕ್ಯಾಮೆರಾ ರಾಘುವಿನ ಮುಖದ ಮೇಲೆ. ಕೈ ಮುರಿದದ್ದು ಅವನಿಗೆ ನಿಜವಾಗಿಯೂ ಈಗಷ್ಟೇ ಗೊತ್ತಾಗುತ್ತಿದೆ.

ಅರ್ಧ ಗಂಟೆಯ ಸ್ಲಾಟಿನಲ್ಲಿ ಕಥೆಗೆ ಸಿಗುವ ಸುಮಾರು 22 ನಿಮಿಷದಲ್ಲಿ ಇದಕ್ಕೆ ಐದು ನಿಮಿಷ ಕೊಡಿ, ನಡುವೆ ಬ್ರೇಕ್ ಬೀಳದಂತೆ ಸೀನ್ ಆರ್ಡರ್ (ದೃಶ್ಯಗಳ ಅನುಕ್ರಮ) ಮಾಡಿ. ಹಿನ್ನೆಲೆ ಸಂಗೀತಕ್ಕೆ ‘ಯಾವ ಕೈ?’ ಆದ ಮೇಲೆ ನಿಶ್ಶಬ್ದ ಎಂದು ಸ್ಕ್ರಿಪ್ಟಿನಲ್ಲೇ ಬರೆಯಿರಿ, ಇಲ್ಲವಾದರೆ ಎಡಿಟಿಂಗಿನಲ್ಲಿ ಗುಡುಗು ಸೇರುತ್ತದೆ. ಮೂರು ಮುಖಗಳಿಗೆ ಮೂರು ಮೂರು ಸಲ ಜೂಮ್ ಹಾಕುವ ಅಭ್ಯಾಸ ಈ ದೃಶ್ಯವನ್ನು ಕೊಲ್ಲುತ್ತದೆ.

ಸಾಮಾನ್ಯ ತಪ್ಪು: ಇದೇ ದೃಶ್ಯದಲ್ಲಿ ದೆವ್ವವನ್ನೂ ತೋರಿಸುವುದು. ಬಾವಿ ಇಲ್ಲಿ ಕಾಣಲೇಬಾರದು. ಮುರಿಯುವುದು ಮನುಷ್ಯರ ಕೈಯಿಂದಲೇ ಆಗಲಿ.

ಹಂತ 6: ದೂರವಿದ್ದಾಗ

ಇಬ್ಬರೂ ಬೇರೆ ಬೇರೆ ಇರುವ ಅವಧಿ ಎರಡರಿಂದ ಮೂರು ವಾರ ಸಾಕು. ಒಬ್ಬ ನಟರ ಕಾಲ್‌ಶೀಟ್ (ಚಿತ್ರೀಕರಣಕ್ಕೆ ಕೊಟ್ಟ ದಿನಗಳ) ಸಮಸ್ಯೆ ಇದ್ದರೆ ಅದನ್ನೂ ಇಲ್ಲೇ ಹೊಂದಿಸಿಕೊಳ್ಳಬಹುದು. ಆದರೆ ದೂರವಿದ್ದಾಗ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ತಿಳಿಯದಂತೆ ಅವನಿಗಾಗಿ ಒಂದು ಕೆಲಸ ಮಾಡಿರಬೇಕು. ರಾಘು ತಮ್ಮನ ಸಾಲದ ಒಂದು ಕಂತು ಕಟ್ಟುತ್ತಾನೆ. ಗಿರೀಶ ಬಿಲ್ಡರ್ ಬಾಯಲ್ಲಿ ಅಣ್ಣನ ಬಗ್ಗೆ ಹಗುರ ಮಾತು ಬಂದಾಗ ಅಡ್ವಾನ್ಸ್ ಚೆಕ್ ಟೇಬಲ್ ಮೇಲೇ ಬಿಟ್ಟು ಎದ್ದು ಬರುತ್ತಾನೆ. ಇದಿಲ್ಲದಿದ್ದರೆ ಕೂಡುವ ದಿನ ಏಕೆ ಕೂಡಿದರು ಎಂಬುದಕ್ಕೆ ಉತ್ತರ ಇರುವುದಿಲ್ಲ.

ತಮ್ಮನನ್ನು ಪೂರ್ತಿ ಖಳನನ್ನಾಗಿ ಮಾಡಲು ಚಾನೆಲ್ ಕೇಳಬಹುದು. ಗುರುವಾರ ಟಿಆರ್‌ಪಿ ಬಂದ ಮೇಲೆ ಈ ಸಲಹೆ ಹೆಚ್ಚು. ಒಪ್ಪಬೇಡಿ. ರಾವಣನ ತಪ್ಪು ವಿಭೀಷಣನಿಗೂ ಗೊತ್ತು, ಕುಂಭಕರ್ಣನಿಗೂ ಗೊತ್ತು. ಒಬ್ಬ ಬಿಟ್ಟುಹೋದ, ಒಬ್ಬ ಉಳಿದು ಸತ್ತ, ಇಬ್ಬರಲ್ಲಿ ಯಾರನ್ನೂ ನೀಚನೆಂದು ತಳ್ಳಿಹಾಕಲು ಆಗುವುದಿಲ್ಲ. ಗಿರೀಶನಿಗೂ ಅಂಥದ್ದೇ ನ್ಯಾಯ ಇರಲಿ: ಅವನ ಸಾಲ ಜೂಜಿನದ್ದಲ್ಲ, ಅಮ್ಮನ ಚಿಕಿತ್ಸೆಯದ್ದು.

ಹಂತ 7: ಮತ್ತೆ ಕೂಡುವುದು

ಕೂಡಿದ ಮೇಲೂ ಏನೋ ಒಂದು ಶಾಶ್ವತವಾಗಿ ಹೋಗಿರಬೇಕು. ಮರೆತ ನೆನಪುಗಳೆಲ್ಲ ದೇವಸ್ಥಾನದ ಗಂಟೆ ಬಾರಿಸಿದ ಕೂಡಲೇ ಮರಳಿದರೆ ಹಿಂದಿನ ಆರು ತಿಂಗಳ ಸಂಚಿಕೆಗಳಿಗೆ ಬೆಲೆ ಇಲ್ಲ. ಗಿರೀಶ ಸತ್ಯ ತಿಳಿದು, ಮೂರನೇ ನಿಯಮದಂತೆ ಋಣ ತನ್ನ ತಲೆಗೆ ಬಂದದ್ದನ್ನು ಗೊತ್ತಿದ್ದೂ ಹೊತ್ತುಕೊಳ್ಳಲಿ. ಈಗ ಮರೆಯುವ ಸರದಿ ಅವನದು. ಎರಡನೇ ಸುತ್ತಿನ ಕಥೆ ತಾನಾಗಿ ಹೊರಟಿತು.

ಇಲ್ಲಿ ಒಂದು ಗುಂಡಿ ಇದೆ. ತಮ್ಮನಿಗಾಗಿ ಪ್ರಾಣ ಕೊಡುವ ಅಣ್ಣನನ್ನು ಒಂದು ಸಲ ತೋರಿಸಿ ಗೆದ್ದವರು ಅದನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ‘ಸೂಪರ್‌ನ್ಯಾಚುರಲ್’ ಎರಡನೇ ಸೀಸನ್ನಿನ ಕೊನೆಯಲ್ಲಿ ಸತ್ತ ಸ್ಯಾಮ್‌ನನ್ನು ಬದುಕಿಸಲು ಡೀನ್ ತನ್ನ ಆತ್ಮವನ್ನೇ ಮಾರುತ್ತಾನೆ, ಅವನಿಗೆ ಉಳಿಯುವುದು ಒಂದು ವರ್ಷ. ಒಂಬತ್ತನೇ ಸೀಸನ್ನಿನಲ್ಲಿ ಸಾಯಲು ಸಿದ್ಧನಾಗಿದ್ದ ಸ್ಯಾಮ್‌ನ ಮೈಮೇಲೆ ಒಬ್ಬ ದೇವದೂತನನ್ನು ಮೋಸದಿಂದ ಬರಿಸುತ್ತಾನೆ. ಎರಡೂ ತಮ್ಮನನ್ನು ಉಳಿಸುವ ಕೆಲಸವೇ. ಎರಡನೆಯದು ಮೊದಲಿನದರ ನಕಲಾಗದೆ ಉಳಿದದ್ದು, ಈ ಸಲ ತಮ್ಮನ ಒಪ್ಪಿಗೆಯನ್ನೇ ಕದ್ದದ್ದರಿಂದ. ಸ್ಯಾಮ್ ಸಿಟ್ಟಾಗುತ್ತಾನೆ, ಅವನ ಸಿಟ್ಟು ನ್ಯಾಯವಾದದ್ದು. ತ್ಯಾಗವನ್ನು ಎರಡನೇ ಸಲ ಬರೆಯಲೇಬೇಕಾದರೆ ಅದನ್ನು ಪಡೆದವನು ‘ನಿನ್ನನ್ನು ಕೇಳಿದ್ದು ಯಾರು?’ ಎನ್ನುವಂತಿರಲಿ.

ಮಾತು

ಅಣ್ಣ-ತಮ್ಮ ನಮ್ಮಲ್ಲಿ ಪ್ರೀತಿಯನ್ನು ನೇರವಾಗಿ ಆಡುವುದಿಲ್ಲ. ‘ಊಟ ಆಯ್ತಾ?’ ಎನ್ನುತ್ತಾರೆ, ‘ಗಾಡಿಗೆ ಪೆಟ್ರೋಲ್ ಇದ್ಯಾ?’ ಎನ್ನುತ್ತಾರೆ. ‘ನೀನೇ ನನ್ನ ಪ್ರಾಣ’ ಎಂಬ ಸಾಲು ಬಂದರೆ ಹೊಡೆದುಹಾಕಿ. ಸಿಟ್ಟು ಹೆಚ್ಚಾದಂತೆ ಮಾತು ಕಡಿಮೆಯಾಗಲಿ. ‘ಅಣ್ಣ’ ಎನ್ನುವುದನ್ನು ಗಿರೀಶ ಯಾವ ಸಂಚಿಕೆಯಲ್ಲಿ ನಿಲ್ಲಿಸಿ ‘ರಾಘು’ ಎನ್ನುತ್ತಾನೆ, ಯಾವಾಗ ‘ರಾಘವೇಂದ್ರ ಅವರೇ’ ಎನ್ನುತ್ತಾನೆ ಎಂಬುದನ್ನು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಡೈಲಾಗ್ ಬರೆಯುವವರು ಬೇರೆಯಾಗಿದ್ದರೆ ಆ ಗುರುತು ಅವರ ಕೈಗೆ ಹೋಗಲೇಬೇಕು.

ಬಿಡಬೇಕಾದ ದೃಶ್ಯಗಳು

ದೆವ್ವ ಬಿಡಿಸುವ ಹೆಸರಿನಲ್ಲಿ ಕಟ್ಟಿಹಾಕಿ ಹೊಡೆಯುವುದನ್ನು ಪರಿಹಾರವೆಂಬಂತೆ ತೋರಿಸಬೇಡಿ. ಕರ್ನಾಟಕದಲ್ಲಿ ಅಮಾನವೀಯ ಆಚರಣೆ ಮತ್ತು ವಾಮಾಚಾರದ ವಿರುದ್ಧ 2017ರ ಕಾಯ್ದೆ ಇದೆ. ಮೂಢನಂಬಿಕೆಗೆ ಉತ್ತೇಜನ ಕೊಡುವ ಕಾರ್ಯಕ್ರಮ ಕೂಡದು ಎಂದು 1994ರ ಕೇಬಲ್ ಟಿವಿ ನಿಯಮಗಳೂ ಹೇಳುತ್ತವೆ. ಕಾನೂನು ಹಾಗಿರಲಿ, ಮರೆಗುಳಿತನದ ನಿಜವಾದ ಕಾಯಿಲೆ ಇರುವವರ ಮನೆಯಲ್ಲೂ ನಿಮ್ಮ ಧಾರಾವಾಹಿ ಓಡುತ್ತಿರುತ್ತದೆ. ರಾಘುವನ್ನು ಒಂದು ಸಲ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಸ್ಕ್ಯಾನಿನಲ್ಲಿ ಏನೂ ಸಿಗದಿದ್ದಾಗ ಗಿರೀಶನ ಅನುಮಾನ ಇನ್ನೂ ಗಟ್ಟಿಯಾಗುತ್ತದೆ, ಕಥೆಗೂ ಲಾಭ.

ಚಾನೆಲ್‌ಗೆ ಕೊಡುವ ಮುನ್ನ ಎರಡು ಪರೀಕ್ಷೆ

ಸೀನ್ ಆರ್ಡರ್ ಮುಂದಿಟ್ಟುಕೊಂಡು ದೆವ್ವದ ದೃಶ್ಯಗಳನ್ನೆಲ್ಲ ಕಾಗದದಿಂದ ಮುಚ್ಚಿ ಓದಿ. ಸೈಟಿನ ಜಗಳ ನಿಲ್ಲಬೇಕಾದದ್ದೇ, ಆದರೆ ಅಣ್ಣ-ತಮ್ಮ ಮುರಿಯುವುದೂ ಹಾಗೇ ನಡೆದುಹೋದರೆ ನಿಮ್ಮ ದೆವ್ವ ಅಲಂಕಾರಕ್ಕೆ ಇದೆ, ಎರಡನೇ ಹಂತಕ್ಕೆ ವಾಪಸ್ ಹೋಗಿ. ಆಮೇಲೆ ಇಬ್ಬರನ್ನೂ ಸ್ನೇಹಿತರೆಂದುಕೊಂಡು ಓದಿ. ಆಗಲೂ ಕಥೆ ಕೂತರೆ ಋಣ ಸಾಲದು, ಮೊದಲ ಹಂತ ತಿದ್ದಿ. ಎರಡರಲ್ಲೂ ಪಾಸಾದ ಮೇಲೆ ಮೊದಲ 21 ಸಂಚಿಕೆಯ ಒನ್‌ಲೈನ್ ಮಾತ್ರ ಚಾನೆಲ್‌ಗೆ ಕಳಿಸಿ. ನೆನಪುಗಳ ಪಟ್ಟಿ ನಿಮ್ಮ ಹತ್ತಿರವೇ ಇರಲಿ. ನಟರ ಕೈಗೆ ಅದು ಮುಂಚೆಯೇ ಸಿಕ್ಕರೆ ರಾಘುವಿನ ಪಾತ್ರಧಾರಿ ಮರೆಯುವ ಮೊದಲೇ ಮರೆತವನಂತೆ ಅಭಿನಯಿಸಲು ಶುರುಮಾಡುತ್ತಾರೆ.